ಬಾತುಕೋಳಿಗೆ ಗುರುತಿನ ಚೀಟಿ ಬೇಕೇ?

ಕಳೆದ ಸಂಚಿಕೆಯಲ್ಲಿ ಟೈಪ್‌ಗಳ (ಪ್ರೋಗ್ರಾಂನಲ್ಲಿ ಒಂದು ಬೆಲೆ ಯಾವ ಬಗೆಯದು ಎಂದು ಹೇಳುವ ಗುರುತುಗಳ) ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಡಕ್ ಟೈಪಿಂಗ್, ಸ್ಟ್ರಕ್ಚರಲ್ ಸಬ್‌ಟೈಪಿಂಗ್ ಎಂಬ ಎರಡು ಮಾತುಗಳನ್ನೇ ಹಿಡಿದುಕೊಂಡಿದ್ದವು. ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟು, ಈ ಸಲದ ಅಂಕಣವನ್ನು ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಕ್ಯಾಂಪಸ್ ಸಂದರ್ಶನದಲ್ಲಿ ಡಕ್ ಟೈಪಿಂಗ್‌ಗೂ ಸ್ಟ್ರಕ್ಚರಲ್ ಸಬ್‌ಟೈಪಿಂಗ್‌ಗೂ ಏನು ವ್ಯತ್ಯಾಸ ಎಂದು ಕೇಳಿದರು. ಎರಡೂ ಒಂದೇ, ಹೆಸರು ಬೇರೆ ಅಷ್ಟೆ ಎಂದೆ. ಅವರು ಏನೂ ಹೇಳದೆ ಮುಂದಿನ ಪ್ರಶ್ನೆಗೆ ಹೋದರು. ನನ್ನ ಉತ್ತರ ತಪ್ಪೇ ಮೇಡಂ?
– ಬಿ.ಇ. ವಿದ್ಯಾರ್ಥಿನಿ, ಹಾಸನ

ಉತ್ತರ: ಪೂರ್ತಿ ತಪ್ಪಲ್ಲ, ಅರ್ಧ ದಾರಿಯಲ್ಲಿ ನಿಂತ ಉತ್ತರ. ಎರಡರಲ್ಲೂ ಆಬ್ಜೆಕ್ಟ್‌ನ ಕುಲಗೋತ್ರವನ್ನು ಯಾರೂ ವಿಚಾರಿಸುವುದಿಲ್ಲ. ಅದಕ್ಕೆ ಯಾವ ಕೆಲಸ ಬರುತ್ತದೆ ಎಂದಷ್ಟೇ ನೋಡುತ್ತಾರೆ. ಅಲ್ಲಿಯವರೆಗೆ ನೀವು ಹೇಳಿದ್ದು ಸರಿ. ಆದರೆ ಯಾವಾಗ ನೋಡುತ್ತಾರೆ, ಎಷ್ಟು ನೋಡುತ್ತಾರೆ ಎಂಬಲ್ಲಿ ದಾರಿ ಬೇರೆಯಾಗುತ್ತದೆ. ನಾನು ಇದನ್ನು ಕಲಿತದ್ದು ಅಡಿಕೆ ಮಂಡಿಯಲ್ಲಿ.

2016ರ ಆರಂಭದಲ್ಲಿ ಶಿವಮೊಗ್ಗ ಸೀಮೆಯ ಒಂದು ಮಂಡಿಗೆ ತೂಕದ ಚೀಟಿ ಮುದ್ರಿಸುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ, ಪೈಥಾನ್‌ನಲ್ಲಿ. ಎಲೆಕ್ಟ್ರಾನಿಕ್ ತಕ್ಕಡಿಯಿಂದ ಕೇಬಲ್ ಮೂಲಕ ಅಂಕಿ ಬರುತ್ತಿತ್ತು. ಆ ತಕ್ಕಡಿಗೊಂದು ಕ್ಲಾಸ್, ಅಂದರೆ ಆಬ್ಜೆಕ್ಟ್ ಮಾಡುವ ಅಚ್ಚು; ಅದರಲ್ಲಿ ‘ತೂಗು’, ‘ಸೊನ್ನೆಮಾಡು’ ಎಂಬ ಎರಡು ಮೆಥಡ್, ಅಂದರೆ ಅದಕ್ಕೆ ಬರುವ ಎರಡು ಕೆಲಸ. ಕರೆಂಟ್ ಹೋದರೆ ಕಂಪ್ಯೂಟರ್ ಯುಪಿಎಸ್ ಮೇಲೆ ನಡೆಯುತ್ತಿತ್ತು, ತಕ್ಕಡಿ ನಡೆಯುತ್ತಿರಲಿಲ್ಲ. ಆಗ ಹಳೆಯ ಕಬ್ಬಿಣದ ತಕ್ಕಡಿಯಲ್ಲಿ ತೂಗಿ, ಗುಮಾಸ್ತರು ಅಂಕಿಯನ್ನು ಕೈಯಲ್ಲೇ ಹೊಡೆಯುತ್ತಿದ್ದರು. ಅದಕ್ಕೆಂದು ‘ಕೈತೂಕ’ ಎಂಬ ಇನ್ನೊಂದು ಕ್ಲಾಸ್ ಮಾಡಿದ್ದೆ. ಅದಕ್ಕೆ ‘ತೂಗು’ ಒಂದನ್ನೇ ಕೊಟ್ಟಿದ್ದೆ. ಎರಡು ಕ್ಲಾಸ್‌ಗಳ ನಡುವೆ ಯಾವ ನಂಟೂ ಇರಲಿಲ್ಲ. ಆದರೂ ಚೀಟಿ ಬರೆಯುವ ಫಂಕ್ಷನ್‌ಗೆ ಯಾವುದನ್ನು ಕೊಟ್ಟರೂ ಕೆಲಸ ಸಾಗುತ್ತಿತ್ತು, ಏಕೆಂದರೆ ‘ತೂಗು’ ಎಂದೊಡನೆ ಎರಡೂ ಅಂಕಿ ಕೊಡುತ್ತಿದ್ದವು. ಇದು ಡಕ್ ಟೈಪಿಂಗ್. ಬಾತುಕೋಳಿಯಂತೆ ನಡೆದು, ಬಾತುಕೋಳಿಯಂತೆ ಕೂಗುವುದು ಬಾತುಕೋಳಿಯೇ ಎಂಬ ಇಂಗ್ಲಿಷ್ ಗಾದೆಯಿಂದ ಬಂದ ಹೆಸರು. ಬಾತುಕೋಳಿ ಹೌದೋ ಅಲ್ಲವೋ ಎಂದು ತಪಾಸಣೆ ಮಾಡಬೇಡಿ, ಬಾತಿನಂತೆ ಕೂಗುತ್ತದೆಯೇ ನೋಡಿ ಎಂಬ ಅರ್ಥದ ಮಾತನ್ನು ಪೈಥಾನ್ ಬಳಗದ ಅಲೆಕ್ಸ್ ಮಾರ್ಟೆಲ್ಲಿ 2000ನೇ ಇಸವಿಯಲ್ಲಿ ಬರೆದಿದ್ದರು.

ಆರು ವಾರ ಎಲ್ಲವೂ ಸರಿಯಾಗಿತ್ತು. ಒಂದು ಮಧ್ಯಾಹ್ನ ಕರೆಂಟ್ ಹೋಗಿದ್ದಾಗ ಗುಮಾಸ್ತರು 67.4 ಎಂದು ಹೊಡೆಯುವಲ್ಲಿ ಬೆರಳು ತಾಗಿ ಮುಂದೊಂದು ಮೈನಸ್ ಚಿಹ್ನೆ ಬಿತ್ತು. ಅಂಕಿ ಸೊನ್ನೆಗಿಂತ ಕಡಿಮೆ ಬಂದರೆ ತಕ್ಕಡಿಯನ್ನು ಸೊನ್ನೆಗೆ ತಂದು ಮತ್ತೆ ತೂಗಬೇಕು ಎಂದು ಫಂಕ್ಷನ್‌ನೊಳಗೆ ನಾನೇ ಬರೆದಿದ್ದೆ. ಕೈತೂಕದ ಹೊತ್ತಿನಲ್ಲಿ ಆ ಸಾಲಿಗೆ ಪ್ರೋಗ್ರಾಂ ತಲುಪಿದ್ದು ಅದೇ ಮೊದಲು. ‘ಕೈತೂಕ’ಕ್ಕೆ ‘ಸೊನ್ನೆಮಾಡು’ ಗೊತ್ತೇ ಇಲ್ಲ. ಕೇಳಿದ್ದು ಇಲ್ಲಿಲ್ಲ ಎನ್ನುವ ಅಟ್ರಿಬ್ಯೂಟ್‌ಎರರ್ ಬಂದು ಪ್ರೋಗ್ರಾಂ ನಿಂತುಹೋಯಿತು. 23 ಚೀಲ ರಾಶಿ ಅಡಿಕೆ ತಂದಿದ್ದ ಹಿರಿಯ ರೈತರೊಬ್ಬರದು 14ನೇ ಚೀಲ ತಕ್ಕಡಿಯ ಮೇಲಿತ್ತು. ಮೊದಲ 13 ಚೀಲಗಳ ಲೆಕ್ಕ ಇನ್ನೂ ಫೈಲಿಗೆ ಇಳಿದಿರಲಿಲ್ಲ. ಎಲ್ಲವನ್ನೂ ಮತ್ತೆ ತೂಗಬೇಕಾಯಿತು. ಆ ಹಿರಿಯರು ಒಂದು ಮಾತೂ ಆಡದೆ ಚೀಲಗಳನ್ನು ಮತ್ತೆ ಎತ್ತಿಕೊಟ್ಟರೆಂದು ಗುಮಾಸ್ತರು ಫೋನಿನಲ್ಲಿ ಹೇಳಿದಾಗ ಆದ ಸಂಕಟ ನನ್ನಲ್ಲಿ ಇಂದಿಗೂ ಹಾಗೆಯೇ ಇದೆ.

ಡಕ್ ಟೈಪಿಂಗ್ ಕೇಳುವುದು ಆ ಕ್ಷಣ ಓಡುತ್ತಿರುವ ಸಾಲಿಗೆ ಬೇಕಾದಷ್ಟನ್ನು ಮಾತ್ರ. ಓಡದ ಸಾಲಿನಲ್ಲಿ ತಪ್ಪು ತಿಂಗಳುಗಟ್ಟಲೆ ಮಲಗಿರಬಹುದು. ಸ್ಟ್ರಕ್ಚರಲ್ ಸಬ್‌ಟೈಪಿಂಗ್‌ನಲ್ಲಿ ಫಂಕ್ಷನ್ ತನಗೆ ಬೇಕಾದದ್ದರ ಪಟ್ಟಿಯನ್ನು ಮೊದಲೇ ಕೊಡುತ್ತದೆ: ‘ತೂಗು’ ಇರಬೇಕು, ಅದು ಸಂಖ್ಯೆ ಕೊಡಬೇಕು, ‘ಸೊನ್ನೆಮಾಡು’ ಇರಬೇಕು. ಪ್ರೋಗ್ರಾಂ ಓಡುವ ಮೊದಲೇ ಪರೀಕ್ಷಕವು ಪ್ರತಿಯೊಂದು ಕ್ಲಾಸ್‌ನ ರಚನೆಯನ್ನು ಆ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಹೆಸರು ಮಾತ್ರವಲ್ಲ, ಮೆಥಡ್ ಏನನ್ನು ತೆಗೆದುಕೊಳ್ಳುತ್ತದೆ, ಏನನ್ನು ಹಿಂದಿರುಗಿಸುತ್ತದೆ ಎಂಬುದನ್ನೂ ನೋಡುತ್ತದೆ. ಪೈಥಾನ್‌ಗೆ ಈ ಸೌಲಭ್ಯವನ್ನು ಸೇರಿಸುವ ಪ್ರಸ್ತಾವ 2017ರಲ್ಲಿ ಬಂತು, ಪೆಪ್ 544 ಎಂಬ ಸಂಖ್ಯೆಯಲ್ಲಿ. 2019ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ 3.8ನೇ ಆವೃತ್ತಿಯಲ್ಲಿ ‘ಪ್ರೊಟೊಕಾಲ್’ ಎಂಬ ಹೆಸರಿನಲ್ಲಿ ಭಾಷೆಯೊಳಗೆ ಸೇರಿತು. ಪ್ರಸ್ತಾವದ ತಲೆಬರಹದಲ್ಲೇ ಇದನ್ನು ಓಡುವ ಮೊದಲಿನ ಡಕ್ ಟೈಪಿಂಗ್ ಎಂದು ಕರೆದಿದ್ದಾರೆ, ಆದ್ದರಿಂದ ನಿಮಗಾದ ಗೊಂದಲ ಸಹಜವೇ. ಇಂದು ನಾನು ಆ ಮಂಡಿಯ ಪ್ರೋಗ್ರಾಂನಲ್ಲಿ ಅಂತಹ ಪಟ್ಟಿ ಬರೆದು, ಅದರ ಮೇಲೆ ಮೈಪೈ ಎಂಬ ಪರೀಕ್ಷಕವನ್ನು ಓಡಿಸಿದರೆ, ‘ಕೈತೂಕ’ದಲ್ಲಿ ‘ಸೊನ್ನೆಮಾಡು’ ಇಲ್ಲ ಎಂಬ ಸಾಲು ನನ್ನ ಮೇಜಿನ ಮೇಲೇ ಕಾಣುತ್ತದೆ. ಯಾರೂ ಚೀಲ ಎತ್ತಬೇಕಾಗಿಲ್ಲ.

ಪ್ರಶ್ನೆ: ಹತ್ತು ವರ್ಷಗಳಿಂದ ಜಾವಾ ಪಾಠ ಮಾಡುತ್ತಿದ್ದೇನೆ. ಅಲ್ಲಿ ‘ಇಂಪ್ಲಿಮೆಂಟ್ಸ್’ ಎಂದು ಕ್ಲಾಸ್ ತಾನೇ ಘೋಷಿಸಿಕೊಳ್ಳಬೇಕು. ಘೋಷಣೆಯೇ ಇಲ್ಲದೆ ರಚನೆ ಹೊಂದಿದರೆ ಸಾಕು ಎನ್ನುವುದು ಶಿಸ್ತನ್ನು ಸಡಿಲಿಸಿದಂತಲ್ಲವೇ?
– ಡಿಪ್ಲೊಮಾ ಕಾಲೇಜಿನ ಉಪನ್ಯಾಸಕರು, ಧಾರವಾಡ

ಉತ್ತರ: ಸರ್, ಘೋಷಣೆಗೆ ಬೆಲೆಯಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ‘ನಾನು ಇದನ್ನು ಉದ್ದೇಶಪೂರ್ವಕವಾಗಿಯೇ ಮಾಡುತ್ತಿದ್ದೇನೆ’ ಎಂದು ಬರೆದವರು ಸಹಿ ಹಾಕಿದಂತೆ ಅದು. ಆದರೆ ಆ ಸಹಿ ಯಾರದು ಎಂದು ನೋಡಿ. ತಕ್ಕಡಿ ತಯಾರಿಸಿದವರು ತಮ್ಮ ಲೈಬ್ರರಿಯನ್ನು ಎಂದೋ ಬರೆದು ಮುಗಿಸಿದ್ದಾರೆ. ನನ್ನ ಇಂಟರ್‌ಫೇಸ್, ಅಂದರೆ ನನಗೆ ಬೇಕಾದ ಮೆಥಡ್‌ಗಳ ಪಟ್ಟಿ, ಇಂದು ಹುಟ್ಟಿದೆ. ಹುಟ್ಟದೇ ಇದ್ದ ಇಂಟರ್‌ಫೇಸ್‌ನ ಹೆಸರನ್ನು ಅವರು ತಮ್ಮ ಕ್ಲಾಸ್‌ನ ತಲೆಯ ಮೇಲೆ ಹೇಗೆ ಬರೆಯಬಲ್ಲರು? ಜಾವಾದಲ್ಲಾದರೆ ನಾನು ನಡುವೆ ಒಂದು ಅಡಾಪ್ಟರ್ ಕ್ಲಾಸ್ ಬರೆಯಬೇಕು. ಅದರ ಪ್ರತಿ ಮೆಥಡ್ ಒಳಗಿನ ಮೆಥಡನ್ನು ಕರೆಯುತ್ತದೆ, ಅದರಾಚೆಗೆ ಅದಕ್ಕೆ ಕೆಲಸವಿಲ್ಲ.

ಇಲ್ಲಿಯೇ ಸ್ಟ್ರಕ್ಚರಲ್ ಪದ್ಧತಿಯ ನಿಜವಾದ ಬಲ ಇರುವುದು: ಇಂಟರ್‌ಫೇಸ್‌ನ ಒಡೆತನ ಕೊಡುವವರ ಕೈಯಿಂದ ಬಳಸುವವರ ಕೈಗೆ ಬರುತ್ತದೆ. ಗೋ ಭಾಷೆಯನ್ನು ನೋಡಿ. ರಾಬರ್ಟ್ ಗ್ರೀಸೆಮರ್, ರಾಬ್ ಪೈಕ್, ಕೆನ್ ಥಾಂಪ್ಸನ್ ರೂಪಿಸಿದ ಈ ಭಾಷೆ 2009ರ ನವೆಂಬರ್‌ನಲ್ಲಿ ಹೊರಬಂದಾಗಲೇ ಅದರ ಇಂಟರ್‌ಫೇಸ್‌ಗಳಿಗೆ ಘೋಷಣೆ ಬೇಕಿರಲಿಲ್ಲ. ಅದರ ‘ರೀಡರ್’ ಇಂಟರ್‌ಫೇಸ್‌ನಲ್ಲಿ ಇರುವುದು ಒಂದೇ ಒಂದು ಮೆಥಡ್, ‘ರೀಡ್’. ಬೈಟ್‌ಗಳನ್ನು ತುಂಬಿಸಲು ಜಾಗ ಕೊಡುತ್ತೀರಿ, ಎಷ್ಟು ತುಂಬಿತು ಎಂಬ ಸಂಖ್ಯೆಯೂ ಎರರ್ ಇದ್ದರೆ ಅದೂ ವಾಪಸ್ ಬರುತ್ತವೆ. ಫೈಲು, ನೆಟ್‌ವರ್ಕ್ ಸಂಪರ್ಕ, ಸಂಕುಚಿತ ಕಡತವನ್ನು ಬಿಡಿಸುವ ಟೈಪ್, ಕಂಪ್ಯೂಟರ್‌ನ ಮೆಮೊರಿಯಲ್ಲಿರುವ ಪಠ್ಯವನ್ನು ಓದಿಕೊಡುವ ಟೈಪ್, ಎಲ್ಲವೂ ‘ರೀಡರ್’ ಆಗಬಲ್ಲವು. ನಾಳೆ ನೀವು ಬರೆಯುವ ಟೈಪ್ ಕೂಡ, ‘ರೀಡ್’ ಸರಿಯಾದ ಆಕಾರದಲ್ಲಿದ್ದರೆ, ಯಾರ ಅಪ್ಪಣೆಯೂ ಇಲ್ಲದೆ ಅಲ್ಲಿಗೆ ಹೊಂದುತ್ತದೆ. ಹೀಗಾಗಿ ಗೋ ಬರೆಯುವವರು ಇಂಟರ್‌ಫೇಸ್‌ಗಳನ್ನು ಒಂದೆರಡು ಮೆಥಡ್‌ಗಳಷ್ಟು ಚಿಕ್ಕದಾಗಿ, ಅಗತ್ಯ ಬಿದ್ದ ಜಾಗದಲ್ಲೇ ಬರೆಯುತ್ತಾರೆ.

ಶಿಸ್ತಿನ ಬಗ್ಗೆ ಒಂದು ಮಾತು. ಪರೀಕ್ಷೆ ಇಲ್ಲಿ ಸಡಿಲವಾಗಿಲ್ಲ. ಮೆಥಡ್‌ನ ಒಂದು ಪ್ಯಾರಾಮೀಟರ್‌ನ ಟೈಪ್ ಬೇರೆಯಾದರೂ ಗೋದ ಕಂಪೈಲರ್ ಒಪ್ಪುವುದಿಲ್ಲ. ಘೋಷಣೆ ಬೇಕೇ ಬೇಕು ಎನ್ನುವವರಿಗೂ ದಾರಿಯಿದೆ. ಪೈಥಾನ್‌ನಲ್ಲಿ ಪ್ರೊಟೊಕಾಲ್‌ನಿಂದ ನೇರವಾಗಿ ಇನ್‌ಹೆರಿಟ್ ಮಾಡಬಹುದು. ಗೋದಲ್ಲಿ ಅಡಿಗೆರೆಯನ್ನೇ ಹೆಸರಾಗಿಟ್ಟ ವೇರಿಯಬಲ್‌ಗೆ ನಿಮ್ಮ ಟೈಪ್‌ನ ಬೆಲೆಯನ್ನು ಇಂಟರ್‌ಫೇಸ್ ಎಂದು ಕೊಟ್ಟು ಒಂದು ಸಾಲು ಬರೆದರೆ, ಹೊಂದದಿದ್ದಾಗ ಕಂಪೈಲ್ ಅಲ್ಲೇ ನಿಲ್ಲುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಆ ಸಾಲನ್ನು ಬರೆಯಿರಿ ಎಂದೇ ಹೇಳುತ್ತೇನೆ. ನಿಮ್ಮ ತರಗತಿಯಲ್ಲಿ ಒಂದೇ ಲೆಕ್ಕವನ್ನು ಜಾವಾ ಮತ್ತು ಗೋ ಎರಡರಲ್ಲೂ ಮಾಡಿಸಿ ನೋಡಿ, ಮಕ್ಕಳು ತಾವೇ ಅಡಾಪ್ಟರ್‌ಗಳನ್ನು ಎಣಿಸುತ್ತಾರೆ.

ಪ್ರಶ್ನೆ: ಟೈಪ್‌ಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟ್‌ಗೆ ಟೈಪ್‌ಗಳನ್ನು ಸೇರಿಸಿದ ಭಾಷೆ) ರಚನೆ ನೋಡುವ ಭಾಷೆ, ಆಬ್ಜೆಕ್ಟ್‌ನಲ್ಲಿ ಹೆಚ್ಚುವರಿ ಗುಣ (ಪ್ರಾಪರ್ಟಿ) ಇದ್ದರೂ ಪರವಾಗಿಲ್ಲ ಎಂದು ಓದಿದ್ದೆ. ಆದರೆ ಆಬ್ಜೆಕ್ಟನ್ನು ಫಂಕ್ಷನ್ ಕರೆಯುವ ಜಾಗದಲ್ಲೇ ಬರೆದರೆ ಹೆಚ್ಚುವರಿ ಗುಣಕ್ಕೆ ಎರರ್ ಕೊಡುತ್ತದೆ. ಅದನ್ನೇ ಒಂದು ವೇರಿಯಬಲ್‌ನಲ್ಲಿಟ್ಟು ಕೊಟ್ಟರೆ ಸುಮ್ಮನಿರುತ್ತದೆ. ಏಕೆ?
– ವೆಬ್ ಡೆವಲಪರ್, ಬೆಂಗಳೂರು

ಉತ್ತರ: ಸಬ್‌ಟೈಪಿಂಗ್‌ನ ನಿಯಮದ ಪ್ರಕಾರ ಎರಡೂ ಒಪ್ಪಿತವೇ. ಮೊದಲನೆಯದಕ್ಕೆ ಎರರ್ ಬರುವುದು ಬೇರೆಯೇ ಆದ ಒಂದು ಕಾವಲಿನಿಂದ, 2015ರಲ್ಲಿ ಬಂದ 1.6ನೇ ಆವೃತ್ತಿಯಲ್ಲಿ ಸೇರಿಸಿದ್ದು. ಕರೆಯುವ ಜಾಗದಲ್ಲೇ ಹುಟ್ಟಿದ ಆಬ್ಜೆಕ್ಟ್ ಬೇರೆಲ್ಲೂ ಬಳಕೆಯಾಗುವುದಿಲ್ಲ. ಅದರಲ್ಲಿ ಯಾರೂ ಕೇಳದ ಗುಣ ಇದ್ದರೆ ಅದು ಬಹುಪಾಲು ಕಾಗುಣಿತದ ತಪ್ಪು. ಟೈಪ್‌ನಲ್ಲಿ ‘ರಿಯಾಯಿತಿ’ ಎಂಬ ಐಚ್ಛಿಕ ಗುಣ ಇದ್ದು ನೀವು ‘ರಿಯಾಯತಿ’ ಎಂದು ಬರೆದಿರಿ ಎನ್ನೋಣ. ರಚನೆ ಹೊಂದುತ್ತದೆ, ಗ್ರಾಹಕರಿಗೆ ರಿಯಾಯಿತಿ ಮಾತ್ರ ಸಿಗುವುದಿಲ್ಲ. ವೇರಿಯಬಲ್‌ನಲ್ಲಿಟ್ಟ ಆಬ್ಜೆಕ್ಟ್ ಬೇರೆ ಕಡೆಯೂ ಬೇಕಾಗಿರಬಹುದು, ಆದ್ದರಿಂದ ಅಲ್ಲಿ ಕಾವಲಿಲ್ಲ. ಎರರ್ ತಪ್ಪಿಸಲೆಂದೇ ವೇರಿಯಬಲ್ ಮಾಡುವ ಅಭ್ಯಾಸ ದಯವಿಟ್ಟು ಬೇಡ.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ, ರಾತ್ರಿ ಹೊತ್ತು ಪೈಥಾನ್ ಕಲಿಯುತ್ತಿದ್ದೇನೆ. ಎರಡು ಕ್ಲಾಸ್‌ಗಳಲ್ಲಿ ಮೆಥಡ್‌ನ ಹೆಸರೂ ಟೈಪೂ ಒಂದೇ ಆಗಿದ್ದು ಅರ್ಥ ಬೇರೆ ಇದ್ದರೆ ಪ್ರೊಟೊಕಾಲ್ ಅದನ್ನು ಹಿಡಿಯುತ್ತದೆಯೇ?
– ಶಿರಸಿ

ಉತ್ತರ: ಹಿಡಿಯುವುದಿಲ್ಲ. ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಇದೇ.

ಒಂದು ತಕ್ಕಡಿಯ ‘ತೂಗು’ ಕಿಲೋದಲ್ಲಿ ಉತ್ತರ ಕೊಡುತ್ತದೆ, ಇನ್ನೊಂದರದು ಕ್ವಿಂಟಾಲ್‌ನಲ್ಲಿ. ಎರಡೂ ಸಂಖ್ಯೆಯೇ. ರಚನೆ ಅಕ್ಷರಕ್ಕೆ ಅಕ್ಷರ ಹೊಂದುತ್ತದೆ. ಪರೀಕ್ಷಕಕ್ಕೆ ತಕರಾರಿಲ್ಲ. ಇಂತಹ ತಪ್ಪಿನ ದೊಡ್ಡ ಉದಾಹರಣೆ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ತಳ್ಳುಬಲದ ಲೆಕ್ಕವನ್ನು ಪೌಂಡ್-ಸೆಕೆಂಡ್‌ನಲ್ಲಿ ಕೊಡುತ್ತಿತ್ತು, ಅದನ್ನು ಓದುವ ಕಡೆಯವರು ನ್ಯೂಟನ್-ಸೆಕೆಂಡ್ ಎಂದು ತಿಳಿದಿದ್ದರು. ಎರಡರ ನಡುವೆ ಸುಮಾರು 4.45 ಪಟ್ಟು ವ್ಯತ್ಯಾಸ. 1999ರ ಸೆಪ್ಟೆಂಬರ್ 23ರಂದು ನೌಕೆ ಮಂಗಳನಿಗೆ ಅತಿ ಹತ್ತಿರ ಹೋಗಿ ಕಳೆದುಹೋಯಿತು. ಸಂಖ್ಯೆ ಸಂಖ್ಯೆಗೆ ಹೊಂದಿತ್ತು. ಅರ್ಥ ಹೊಂದಿರಲಿಲ್ಲ.

ಆದರೆ ಕಿಲೋ–ಕ್ವಿಂಟಾಲ್ ತಪ್ಪು ನನಗೆ ಅಷ್ಟು ಭಯ ಹುಟ್ಟಿಸುವುದಿಲ್ಲ. ಚೀಟಿಯಲ್ಲಿ 67.4ರ ಬದಲು 0.674 ಬಂದರೆ ಮಂಡಿಯ ಹಮಾಲರೂ ಗುರುತಿಸುತ್ತಾರೆ. ನಿಮಗೆ ಗೊತ್ತಿರುವ ಇನ್ನೊಂದು ವ್ಯತ್ಯಾಸವನ್ನು ಯೋಚಿಸಿ: ಚೀಲ ಸೇರಿದ ಒಟ್ಟು ತೂಕ ಮತ್ತು ಚೀಲ ಕಳೆದ ನಿವ್ವಳ ತೂಕ. ಎರಡೂ ಕಿಲೋ, ಎರಡೂ ದಶಮಾಂಶ ಸಂಖ್ಯೆ, ಎರಡೂ ‘ತೂಗು’ ಎಂದರೆ ಬರುವಂಥವು. ವ್ಯತ್ಯಾಸ ಚೀಲಕ್ಕೆ ಹೆಚ್ಚೆಂದರೆ ಒಂದು ಕಿಲೋ ಆಸುಪಾಸು. ಆ ಅಂಕಿಗಳನ್ನು ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ಒಂದು ಕಡೆ ಚೀಲವನ್ನು ಕಳೆಯುವುದು ಮರೆತರೆ ಮಂಡಿಗೆ ನಷ್ಟ, ಎರಡು ಸಲ ಕಳೆದರೆ ಬೆಳೆಗಾರರಿಗೆ ನಷ್ಟ. ವರ್ಷವಿಡೀ ಸದ್ದಿಲ್ಲದೆ ನಡೆಯುತ್ತದೆ.

ಇಲ್ಲಿ ರಚನೆಯನ್ನು ಬಿಟ್ಟು ಹೆಸರಿನ ಮೊರೆ ಹೋಗಬೇಕು. ಪೈಥಾನ್‌ನಲ್ಲಿ ‘ನ್ಯೂಟೈಪ್’ ಎಂಬುದಿದೆ. ‘ಒಟ್ಟುತೂಕ’, ‘ನಿವ್ವಳ’ ಎಂದು ಎರಡು ಹೊಸ ಟೈಪ್ ಮಾಡಿ. ಎರಡೂ ಒಳಗೆ ದಶಮಾಂಶ ಸಂಖ್ಯೆಯೇ, ಓಡುವಾಗ ಹೆಚ್ಚಿನ ಭಾರವೇನೂ ಇಲ್ಲ, ಆದರೆ ಪರೀಕ್ಷಕದ ಕಣ್ಣಿಗೆ ಒಂದು ಇನ್ನೊಂದಲ್ಲ. ಪ್ರೊಟೊಕಾಲ್‌ನಲ್ಲಿ ‘ತೂಗು’ ನಿವ್ವಳವನ್ನೇ ಕೊಡಬೇಕು ಎಂದು ಬರೆದರೆ, ಒಟ್ಟು ತೂಕ ಕೊಡುವ ತಕ್ಕಡಿ ಬಾಗಿಲಲ್ಲೇ ನಿಲ್ಲುತ್ತದೆ. ಒಟ್ಟು ತೂಕದಿಂದ ಚೀಲದ ತೂಕವನ್ನು ಕಳೆದರೆ ಬರುವುದು ಬರೀ ಸಂಖ್ಯೆ, ನಿವ್ವಳವಲ್ಲ. ಅದನ್ನು ‘ನಿವ್ವಳ’ದಲ್ಲಿ ಸುತ್ತಿ ಕೊಡುವ ಕೆಲಸ ನೀವೇ ಮಾಡಬೇಕು. ಹಲವರು ಇದನ್ನು ಕಿರಿಕಿರಿ ಎನ್ನುತ್ತಾರೆ, ನನಗೆ ಇದೇ ಬೇಕು. ಇಡೀ ಪ್ರೋಗ್ರಾಂನಲ್ಲಿ ಚೀಲ ಕಳೆಯುವುದು ಒಂದೇ ಜಾಗದಲ್ಲಿ, ಒಬ್ಬ ಮನುಷ್ಯ ನಿಂತು ಯೋಚಿಸಿ ಬರೆದ ಸಾಲಿನಲ್ಲಿ. ನಮ್ಮ ಮಂಡಿಯ ಪ್ರೋಗ್ರಾಂನಲ್ಲಿ ಹುಡುಕಿದಾಗ ಅಂಥ ಜಾಗ ಎರಡಿದ್ದವು. ಎರಡನೆಯದನ್ನು ಅಳಿಸಿದೆ.

ಗೋದಲ್ಲಿ ಈ ಎರಡೂ ಗುಣ ಒಟ್ಟಿಗೇ ಇವೆ: ಇಂಟರ್‌ಫೇಸ್ ರಚನೆಯನ್ನು ನೋಡುತ್ತದೆ, ಹೆಸರಿಟ್ಟು ಮಾಡಿದ ಸಂಖ್ಯೆಯ ಟೈಪ್ ಹೆಸರನ್ನೇ ನೋಡುತ್ತದೆ. ಅದಕ್ಕೂ ಎಷ್ಟೋ ಹಿಂದೆ ಮಾಡ್ಯುಲಾ-3 ಭಾಷೆ ರಚನೆಯಿಂದಲೇ ಟೈಪ್‌ಗಳನ್ನು ಹೋಲಿಸುತ್ತಿದ್ದರೂ, ಬೇಕೆಂದಲ್ಲಿ ದನಕ್ಕೆ ಬರೆ ಹಾಕಿ ಗುರುತು ಮಾಡುವಂತೆ ಟೈಪ್‌ಗೆ ‘ಬ್ರ್ಯಾಂಡ್’ ಹಾಕಲು ಅವಕಾಶ ಕೊಟ್ಟಿತ್ತು. ರಚನೆಯೊಂದೇ ಸಾಲದು ಎಂಬುದು ಅದನ್ನು ಆರಿಸಿಕೊಂಡವರಿಗೇ ಗೊತ್ತಿತ್ತು.

ಹೆಸರಿಟ್ಟ ಮೇಲೂ ಉಳಿಯುವ ಒಂದು ಸಂಗತಿಯಿದೆ. ‘ಸೊನ್ನೆಮಾಡು’ ಎಂದಮೇಲೆ ಖಾಲಿ ತಕ್ಕಡಿಯಲ್ಲಿ ‘ತೂಗು’ ಸೊನ್ನೆಯನ್ನೇ ಕೊಡಬೇಕು. ಇದು ನಡವಳಿಕೆಯ ಮಾತು. ಬಾರ್ಬರಾ ಲಿಸ್ಕೋವ್ ಮತ್ತು ಜಾನೆಟ್ ವಿಂಗ್ 1994ರ ಪ್ರಬಂಧದಲ್ಲಿ ಸಬ್‌ಟೈಪ್ ಎನ್ನಿಸಿಕೊಳ್ಳಲು ಈ ನಡವಳಿಕೆಯೂ ಹೊಂದಬೇಕು ಎಂದರು. ಇದನ್ನು ಈ ಭಾಷೆಗಳ ಯಾವ ಟೈಪ್ ಪರೀಕ್ಷಕವೂ ನಿಮ್ಮ ಪರವಾಗಿ ನೋಡುವುದಿಲ್ಲ. ಒಂದು ಪರೀಕ್ಷೆ ಬರೆದು, ಎಲ್ಲ ತಕ್ಕಡಿ ಕ್ಲಾಸ್‌ಗಳ ಮೇಲೂ ಅದೇ ಪರೀಕ್ಷೆಯನ್ನು ಓಡಿಸಿ.

ಪ್ರಶ್ನೆ: ಪ್ರೊಟೊಕಾಲ್‌ಗೆ ‘ರನ್‌ಟೈಮ್ ಚೆಕಬಲ್’ ಎಂಬ ಡೆಕೊರೇಟರ್ ಹಾಕಿ, ಆಬ್ಜೆಕ್ಟ್ ಅದಕ್ಕೆ ಹೊಂದುತ್ತದೆಯೇ ಎಂದು ‘ಈಸ್‌ಇನ್‌ಸ್ಟೆನ್ಸ್’ ಮೂಲಕ ಕೇಳಿದೆ, ಹೌದು ಎಂದಿತು. ಮುಂದಿನ ಸಾಲಿನಲ್ಲೇ ಆರ್ಗ್ಯುಮೆಂಟ್ ತಪ್ಪು ಎಂದು ಎರರ್. ಇದು ದೋಷವೇ?
– ಡೇಟಾ ಎಂಜಿನಿಯರ್, ಕಲಬುರಗಿ

ಉತ್ತರ: ದೋಷವಲ್ಲ. ಓಡುವ ಹೊತ್ತಿನ ಆ ಪರೀಕ್ಷೆ ನೋಡುವುದು ಆ ಹೆಸರಿನದ್ದು ಇದೆಯೇ ಎಂದಷ್ಟೇ. ಎಷ್ಟು ಆರ್ಗ್ಯುಮೆಂಟ್, ಯಾವ ಟೈಪ್ ಎಂದು ನೋಡುವುದಿಲ್ಲ. ಪೂರ್ತಿ ತಾಳೆ ಬೇಕಿದ್ದರೆ ಮೈಪೈಯಂತಹ ಪರೀಕ್ಷಕವೇ ಬೇಕು.

ಪ್ರಶ್ನೆ: ಎಂಟನೇ ತರಗತಿಯ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ನಿಮ್ಮ ಉದಾಹರಣೆಗಳಲ್ಲಿ ಮೆಥಡ್‌ಗಳಿಗೆ ಕನ್ನಡದ ಹೆಸರು ಇರುತ್ತದೆ. ನಿಜವಾಗಿ ಹಾಗೆ ಬರೆಯಬಹುದೇ, ಅಥವಾ ನಮಗೆ ಅರ್ಥವಾಗಲೆಂದು ಬರೆಯುತ್ತೀರೋ?
– ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ, ಚಿತ್ರದುರ್ಗ

ಉತ್ತರ: ನಿಜವಾಗಿಯೂ ಬರೆಯಬಹುದು ಮೇಡಂ, ನಾನು ಬರೆಯುತ್ತೇನೆ. 2008ರಲ್ಲಿ ಬಂದ ಪೈಥಾನ್ 3ರಿಂದ ಹೆಸರುಗಳಿಗೆ ಕನ್ನಡ ಅಕ್ಷರ ಸಲ್ಲುತ್ತದೆ. ಭಾಷೆಯ ಸ್ವಂತ ಪದಗಳು ಇಂಗ್ಲಿಷ್‌ನಲ್ಲೇ ಉಳಿಯುತ್ತವೆ, ಕ್ಲಾಸ್, ಮೆಥಡ್, ವೇರಿಯಬಲ್‌ಗಳ ಹೆಸರು ನಮ್ಮದು. ಆದರೆ ಗೋದಲ್ಲಿ ಎಲ್ಲ ಹೆಸರುಗಳಿಗೂ ಆಗುವುದಿಲ್ಲ. ಅಲ್ಲಿ ಹೆಸರಿನೊಳಗೆ ಅಕ್ಷರ, ಅಂಕೆ, ಅಡಿಗೆರೆ ಮಾತ್ರ ಇರಬಹುದು. ನಮ್ಮ ಕಾಗುಣಿತದ ಚಿಹ್ನೆಗಳನ್ನು, ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್, ಅಕ್ಷರಗಳ ಗುಂಪಿಗೆ ಸೇರಿಸದೆ ಗುರುತುಗಳ ಗುಂಪಿನಲ್ಲಿಟ್ಟಿದೆ. ಹಾಗಾಗಿ ಗೋದಲ್ಲಿ ‘ಕರಗ’ ನಡೆಯುತ್ತದೆ, ‘ತೂಕ’ ನಡೆಯುವುದಿಲ್ಲ. ಕನ್ನಡದ ಮಟ್ಟಿಗೆ ಇದು ದೊಡ್ಡ ಕೊರತೆ, ಸರಿಹೋಗಬೇಕು ಎಂಬ ಆಸೆ ನನಗಿದೆ.

ರಚನೆ ನೋಡುವ ಪದ್ಧತಿಯಲ್ಲಿ ಮೆಥಡ್‌ನ ಹೆಸರು ಎರಡೂ ಕಡೆ ಒಂದೇ ಆಗಿರಬೇಕಲ್ಲ, ಅಲ್ಲಿ ಕನ್ನಡದಲ್ಲಿ ಬರೆಯುವಾಗ ಬರುವ ಒಂದು ತೊಡಕಿದೆ. ‘ಸೊನ್ನೆಮಾಡು’ ಎಂಬುದರ ಮೊದಲ ಅಕ್ಷರ ‘ಸೊ’. ಅದರ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ ಮತ್ತು ಊಕಾರ ಎಂಬ ಎರಡು ಸಂಕೇತಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಪೈಥಾನ್ ಹೆಸರುಗಳನ್ನು ಓದುವಾಗ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ, ತೊಂದರೆಯಿಲ್ಲ. ಜಾವಾಸ್ಕ್ರಿಪ್ಟ್ ತರುವುದಿಲ್ಲ, ಟೈಪ್‌ಸ್ಕ್ರಿಪ್ಟ್‌ನಲ್ಲೂ ಹಾಗೆಯೇ. ಇಬ್ಬರು ಮಕ್ಕಳು ಎರಡು ಬೇರೆ ಕೀಬೋರ್ಡ್‌ಗಳಲ್ಲಿ ‘ಸೊನ್ನೆಮಾಡು’ ಎಂದು ಹೊಡೆದರೆ, ಒಬ್ಬರ ಕ್ಲಾಸ್ ಇನ್ನೊಬ್ಬರ ಇಂಟರ್‌ಫೇಸ್‌ಗೆ ಹೊಂದದೇ ಹೋಗಬಹುದು, ಎಷ್ಟು ನೋಡಿದರೂ ಕಾರಣ ಕಣ್ಣಿಗೆ ಬೀಳದು. ಇನ್ನೊಂದು: ‘ರಾಜ್‌ಕುಮಾರ್’ ಎಂದು ಬರೆಯುವಾಗ ನಡುವೆ ಒತ್ತಕ್ಷರ ಆಗದಂತೆ ಹಾಕುವ ಕಾಣದ ಸಂಕೇತವನ್ನು ಪೈಥಾನ್ ಹೆಸರಿನೊಳಗೆ ಒಪ್ಪುವುದಿಲ್ಲ, ಜಾವಾಸ್ಕ್ರಿಪ್ಟ್ ಒಪ್ಪುತ್ತದೆ.

ಆದ್ದರಿಂದ ಮಕ್ಕಳಿಗೆ ಪೈಥಾನ್‌ನಲ್ಲೇ ಆರಂಭಿಸಿ. ಚಿಕ್ಕ ಹೆಸರುಗಳು ಸಾಕು: ತೂಗು, ಅಳೆ, ಕೂಡು, ಬರೆ. ಒಬ್ಬರು ಪಟ್ಟಿ ಬರೆಯಲಿ, ಇನ್ನೊಬ್ಬರು ಅದಕ್ಕೆ ಹೊಂದುವ ಕ್ಲಾಸ್ ಬರೆಯಲಿ. ಅವರು ಬರೆದದ್ದರಲ್ಲಿ ಒಂದೆರಡನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಅವುಗಳನ್ನೇ ಉದಾಹರಣೆಯಾಗಿ ಬಳಸುತ್ತೇನೆ.